ಫಟಫಟಿ ಹತ್ತಬೇಡ ಎಂದು ಯಾರೂ ಹೇಳಲಿಲ್ಲ

ನನ್ನ ಬಲಗಾಲು ಮುರಿದಿದೆ ಎಂದು ನನಗೆ ಗೊತ್ತಾದದ್ದು ನೋವಿನಿಂದಲ್ಲ, ಬೂಟಿನಿಂದ. ರಸ್ತೆಯ ಪಕ್ಕದ ತಗ್ಗಿನಲ್ಲಿ ಅಂಗಾತ ಬಿದ್ದಿದ್ದೆ. ಎಡಗಾಲಿನ ಬೂಟು ಆಕಾಶ ನೋಡುತ್ತಿತ್ತು. ಬಲಗಾಲಿನದು ತೆಕ್ಕಲಕೋಟೆಯ ದಿಕ್ಕಿಗೆ ತಿರುಗಿತ್ತು. ಎರಡೂ ನನ್ನವೇ ಎಂದು ನಂಬುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ನೋವು ಆಮೇಲೆ ಬಂತು.

ನಾನು ಡಾಕ್ಟರೇ, ಆದರೆ ದನದ ಡಾಕ್ಟರು. ಸಿರುಗುಪ್ಪದ ಪಶು ಆಸ್ಪತ್ರೆಯಲ್ಲಿ ಕೆಲಸ. ಆ ಸ್ಥಿತಿಯಲ್ಲೂ ಅಭ್ಯಾಸ ಬಿಡಲಿಲ್ಲ. ಮೊಣಕಾಲಿನ ಕೆಳಗೆ ಕೈಯಿಟ್ಟು ಮೆಲ್ಲಗೆ ಸವರಿದೆ. ಚರ್ಮದ ಅಡಿಯಲ್ಲಿ ಮೂಳೆಯ ತುದಿ ತಟ್ಟಿತು. ಟಿಬಿಯಾ, ಫಿಬುಲಾ, ಎರಡೂ ಹೋಗಿವೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ಮರುಕ್ಷಣ, ಇಂಥದೇ ಪೆಟ್ಟು ತಿಂದ ಎತ್ತಿನ ಒಡೆಯನಿಗೆ ನಾನು ಸಾಮಾನ್ಯವಾಗಿ ಏನು ಹೇಳುತ್ತೇನೆ ಎಂಬುದು ನೆನಪಾಯಿತು. ಮುಂದಿನ ಪರೀಕ್ಷೆಯನ್ನು ಅಲ್ಲಿಗೇ ಬಿಟ್ಟೆ.

ಆದದ್ದು ಇಷ್ಟು. ಆ ವಾರ ತೆಕ್ಕಲಕೋಟೆಯ ಸುತ್ತಿನ ಹಳ್ಳಿಗಳಲ್ಲಿ ದನಗಳಿಗೆ ದೊಡ್ಡ ರೋಗ ಎಂಬ ಸಾಂಕ್ರಾಮಿಕ ತಗಲದಂತೆ ಇಂಜೆಕ್ಷನ್ ಹಾಕುವ ಕೆಲಸ ನಡೆದಿತ್ತು. ನನ್ನ ಹತ್ತಿರ ಒಂದು ಮೋಟಾರ್ ಸೈಕಲ್ ಇತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದನ್ನು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಕೊಂಡಿದ್ದೆ. ಮೈಯೆಲ್ಲ ಹಸಿರು ಬಣ್ಣ, ಸದ್ದು ಮೂರು ಊರಿಗೆ ಕೇಳುವಂಥದು. ಜನ ಅದನ್ನು ಫಟಫಟಿ ಎನ್ನುತ್ತಿದ್ದರು. ಅದರ ಸದ್ದು ಊರ ಹೊರಗೆ ಕೇಳಿದ ಕೂಡಲೇ ಜನ ತಮ್ಮ ದನಗಳನ್ನು ಹಿಡಿದು ಕಟ್ಟಲು ಶುರು ಮಾಡುತ್ತಿದ್ದರು. ಕೆಲವು ದನಗಳು ಅದೇ ಸದ್ದಿಗೆ ಹಗ್ಗ ಹರಿದುಕೊಂಡು ಓಡಲು ಶುರು ಮಾಡುತ್ತಿದ್ದವು.

ಆವತ್ತು ಬೆಳಿಗ್ಗೆ ನನ್ನ ಮುಂದೆ ಜೋಳದ ಸೊಪ್ಪೆ ತುಂಬಿದ ಒಂದು ಎತ್ತಿನ ಗಾಡಿ ಹೋಗುತ್ತಿತ್ತು. ಹಿಂದಿನಿಂದ ಡ್ಯಾಮಿನ ಕೆಲಸದ ಲಾರಿಯೊಂದು ಬಂದು ಕಿವಿ ಹರಿಯುವ ಹಾಗೆ ಹಾರ್ನ್ ಹೊಡೆಯಿತು. ಎತ್ತುಗಳು ಬೆದರಿ ಗಾಡಿಯನ್ನು ರಸ್ತೆಗೆ ಅಡ್ಡ ಎಳೆದವು. ಮುಂದೆ ಸೊಪ್ಪೆ, ಹಿಂದೆ ಲಾರಿ. ನಾನು ತಗ್ಗನ್ನು ಆರಿಸಿಕೊಂಡೆ. ಲಾರಿ ನಿಲ್ಲದೆ ಹೋಯಿತು.

ಗಾಡಿಯ ಈರಣ್ಣ ಇಳಿದು ಬಂದ. ನನಗೆ ಪರಿಚಯದವನೇ. ಸೊಪ್ಪೆಯನ್ನೆಲ್ಲ ರಸ್ತೆ ಬದಿಗೆ ಇಳಿಸಿ, ಒಂದಿಷ್ಟನ್ನು ಮಾತ್ರ ಕೆಳಗೆ ಹಾಸಿ, ಅದರ ಮೇಲೆ ನನ್ನನ್ನು ಮಲಗಿಸಿದ. ನನ್ನನ್ನು ಕೆಡವಿದ ಎತ್ತುಗಳೇ ನನ್ನನ್ನು ಎಳೆದುಕೊಂಡು ಹೊರಟವು.

"ಲಾರಿ ಹಾರ್ನಿಗೆ ಅವು ಬೆದರಂಗಿಲ್ರಿ," ಎಂದ ಈರಣ್ಣ, ದಾರಿಯಲ್ಲಿ. "ದಿನಾ ಕೇಳ್ತಾವ. ಹಿಂದ ತಿರುಗಿ ನಿಮ್ಮನ್ನ ನೋಡಿದ್ವು. ಮೊನ್ನೆ ಸೂಜಿ ಚುಚ್ಚಿದ್ರಲ್ಲ, ಅದಕ್ಕ."

ನಾನು ಹಲ್ಲು ಕಚ್ಚಿಕೊಂಡಿದ್ದೆ. ಗಾಡಿಯ ಗಾಲಿ ಒಂದೊಂದು ಕಲ್ಲು ಹತ್ತಿದಾಗಲೂ ಕಾಲೊಳಗೆ ಎರಡು ಮೂಳೆಗಳು ಬೇರೆ ಬೇರೆ ದಾರಿ ಹಿಡಿಯುತ್ತಿದ್ದವು.

"ನಮ್ಮ ಕೆಂದೆತ್ತಿಗೆ ಹೋದ ವರ್ಷ ಹಿಂಗ ಆಗಿತ್ತು. ನೀವು ಬಂದು ನೋಡಿ, ಈರಣ್ಣ, ಇನ್ನ ಇದು ಉಳುಮಿಗೆ ಬರಂಗಿಲ್ಲ ಅಂದ್ರಿ."

"ಹೂಂ."

"ಬರ್ಲೇ ಇಲ್ರಿ." ಆಮೇಲೆ ಸಮಾಧಾನ ಹೇಳುವ ದನಿಯಲ್ಲಿ ಸೇರಿಸಿದ, "ನಿಮಗೇನ್ ಬಿಡ್ರಿ. ನೀವೇನು ಉಳಬೇಕೇನು."

ತೆಕ್ಕಲಕೋಟೆಯಿಂದ ಬಸ್ಸಿನ ಹಿಂದಿನ ಸೀಟಿನ ಮೇಲೆ ಮಲಗಿಸಿ ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ತಂದರು. ನನಗಿಂತ ಮೊದಲು ಸುದ್ದಿ ಬಂದು ಮುಟ್ಟಿತ್ತು. ಸ್ಟ್ರೆಚರ್ ಮೇಲೆ ಒಳಗೆ ಒಯ್ಯುವಾಗ ಸರ್ಜನ್ ಸಾಂಬಮೂರ್ತಿಯವರು ಎದುರಿಗೇ ಬಂದು, "ಏಮಯ್ಯಾ ಡಾಕ್ಟರ್, ನಿಮ್ಮ ಪೇಷಂಟುಗಳೇ ನಿಮ್ಮನ್ನು ಬೀಳಿಸಿದರಂತೆ?" ಎಂದರು. ತೆಲುಗರು. ಬಳ್ಳಾರಿಗೆ ಬಂದು ಬಹಳ ವರ್ಷ ಆಗಿದ್ದರಿಂದ ಕನ್ನಡವನ್ನು ತೆಲುಗಿನ ರಾಗದಲ್ಲಿ ಸಲೀಸಾಗಿ ಮಾತಾಡುತ್ತಿದ್ದರು. ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನು ಅವರ ಮುಖ ನೋಡುತ್ತಿದ್ದೆ. ನನ್ನ ಮುಂದೆ ನಿಲ್ಲುವ ರೈತರು ಯಾಕೆ ಹಾಗೆ ನನ್ನ ಮುಖವನ್ನೇ ದಿಟ್ಟಿಸುತ್ತಾರೆ ಎಂಬುದು ಆಗ ಗೊತ್ತಾಯಿತು.

"ಯಾವ ಕಾಲದ ಗಾಡಿ ಅದು? ಮಿಲಿಟರಿದಾ?" ಎಂದು ಕೇಳಿದರು.

"ಕಾಲು ಉಳಿಯುತ್ತದೆಯೇ?" ಎಂದೆ.

"ಕಾಲಿಗೇನು, ಪ್ಲಾಸ್ಟರ್ ಹಾಕುತ್ತೇನೆ. ಗಾಡಿ ಉಳಿದಿದೆಯಾ ಅದು ಹೇಳಿ."

ಕ್ಲೋರೋಫಾರ್ಮಿನ ಸಿಹಿ ವಾಸನೆ ಮೂಗಿಗೆ ಬಡಿದದ್ದು ನೆನಪಿದೆ. ಎಚ್ಚರವಾದಾಗ ತೊಡೆಯಿಂದ ಬೆರಳಿನ ತನಕ ನನ್ನ ಕಾಲು ಸುಣ್ಣ ಹೊಡೆದ ಕಂಬವಾಗಿತ್ತು. ಮಂಚದ ಪಕ್ಕದಲ್ಲಿ ನನ್ನ ಹೆಂಡತಿ ನೀಲ ಮತ್ತು ಅವ್ವ ಕುಳಿತಿದ್ದರು. ಅವ್ವ ಅತ್ತು ಮುಗಿಸಿದ್ದಳು. ನೀಲ ಅತ್ತಿರಲಿಲ್ಲ. ಅವಳ ಕೈಯಲ್ಲಿ ನನ್ನ ಒಂದೇ ಬೂಟು ಇತ್ತು.

"ಇನ್ನೊಂದು ಎಲ್ಲೈತ್ರಿ?" ಎಂದಳು.

ಅದನ್ನು ಕತ್ತರಿಯಿಂದ ಸೀಳಿ ತೆಗೆದಿದ್ದರು ಎಂದು ನರ್ಸ್ ಹೇಳಿದಳು. ನೀಲ ಆಗ ಅತ್ತಳು. ಬೂಟಿಗಾಗಿ ಅಲ್ಲ ಎಂದು ನನಗೆ ಗೊತ್ತು. ಆದರೂ ವಾರ್ಡಿನವರೆಲ್ಲ ಬೂಟಿಗಾಗಿಯೇ ಎಂದು ತಿಳಿದು, ಒಳ್ಳೆಯ ಚಮ್ಮಾರರ ವಿಳಾಸ ಹೇಳಲು ಶುರು ಮಾಡಿದರು.

ವಾರ್ಡಿನ ದಿನಗಳು ಬಹಳ ಉದ್ದ. ಬಳ್ಳಾರಿ ಆಂಧ್ರಕ್ಕೆ ಹೋಗುತ್ತದೋ ಮೈಸೂರಿಗೆ ಸೇರುತ್ತದೋ ಎಂಬ ಮಾತು ಆಗ ಊರೆಲ್ಲ ನಡೆದಿತ್ತು. ಹೊರಗಿನವರು ವಾದ ಮಾಡಿ ಬೇಸತ್ತರೆ ಎದ್ದು ಮನೆಗೆ ಹೋಗಬಹುದಿತ್ತು. ನಮ್ಮ ವಾರ್ಡಿನಲ್ಲಿ ಎಲ್ಲರ ಕಾಲೂ ಪ್ಲಾಸ್ಟರಿನಲ್ಲಿದ್ದದ್ದರಿಂದ ವಾದವನ್ನು ಬಿಟ್ಟು ಹೋಗುವ ದಾರಿಯೇ ಇರಲಿಲ್ಲ. ನನ್ನ ಎಡಮಂಚದವರು ಆಂಧ್ರ, ಬಲಮಂಚದವರು ಮೈಸೂರು. ನಡುವೆ ನಾನು ಬೆಡ್‌ಪ್ಯಾನ್ ಕೇಳಲು ಕೂಡ ಸಮಯ ನೋಡಬೇಕಾಗುತ್ತಿತ್ತು.

ಪ್ಲಾಸ್ಟರಿನ ಒಳಗಿನ ತುರಿಕೆಯ ಬಗ್ಗೆ ಯಾರೂ ನನಗೆ ಮೊದಲು ಹೇಳಿರಲಿಲ್ಲ. ನೋವಿಗೆ ಮಾತ್ರೆ ಇತ್ತು, ತುರಿಕೆಗೆ ಏನೂ ಇರಲಿಲ್ಲ. ನೀಲ ಒಂದು ತೆಳ್ಳನೆಯ ಬಿದಿರು ಕಡ್ಡಿ ತಂದುಕೊಟ್ಟಳು. ನಮ್ಮ ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಕೊಟ್ಟ ಯಾವ ವಸ್ತುವನ್ನೂ ನಾನು ಅಷ್ಟು ಕೃತಜ್ಞತೆಯಿಂದ ತೆಗೆದುಕೊಂಡಿರಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಬಳ್ಳಾರಿಯಲ್ಲೇ, ಕೌಲ್ ಬಜಾರಿನಲ್ಲಿದ್ದ ಅಕ್ಕನ ಮನೆಯಲ್ಲಿ ಉಳಿದೆವು. ಡಾಕ್ಟರಿಗೆ ತೋರಿಸುತ್ತಿರಬೇಕಲ್ಲ, ಸಿರುಗುಪ್ಪ ದೂರ. ಅವ್ವ ಅಡಿಗೆಮನೆ ಹಿಡಿದು ಅಂಟಿನ ಉಂಡಿ ಕಟ್ಟಲು ಕುಳಿತಳು. ಅದು ಬಾಣಂತಿಯರಿಗೆ ಕೊಡುವಂಥದು. ಬೆಲ್ಲ, ಒಣಕೊಬ್ಬರಿ, ತುಪ್ಪ, ಹುರಿದ ಅಂಟು. "ಮೂಳಿ ಕೂಡಾಕ ಇದಕ್ಕಿಂತ ಬ್ಯಾರೆ ಇಲ್ಲ," ಎಂದಳು. ದಿನವೂ ಮುಂಜಾನೆ ಒಂದು ಉಂಡಿ ತಿಂದು, ತಲೆಗೆ ಬಟ್ಟೆ ಕಟ್ಟಿಕೊಂಡು, ಗೋಡೆಗೆ ಒರಗಿ ಕೂರುತ್ತಿದ್ದೆ. ನೋಡಲು ಬಂದ ಓಣಿಯ ಹೆಂಗಸರು ಅಭ್ಯಾಸಬಲದಿಂದ ತೊಟ್ಟಿಲು ಎಲ್ಲಿದೆ ಎಂದು ಆಚೀಚೆ ನೋಡುತ್ತಿದ್ದರು.

ಆ ಮನೆಯ ಮುಂದಿನ ರಸ್ತೆಯಲ್ಲಿ ಲಾರಿಗಳು ಓಡಾಡುತ್ತಿದ್ದವು. ಒಂದು ದಿನ ಮಧ್ಯಾಹ್ನ ನನ್ನ ಕೈಯಲ್ಲಿ ಚಹಾದ ಲೋಟ ಇತ್ತು. ಹೊರಗೆ ಹಾರ್ನ್ ಹೊಡೆಯಿತು. ಚಹಾ ಎದೆಯ ಮೇಲೆ ಚೆಲ್ಲಿತು. ಬಿಸಿ ತಾಕಿದ್ದು ಕೂಡ ತಡವಾಗಿ ಗೊತ್ತಾಯಿತು, ಯಾಕೆಂದರೆ ಅಷ್ಟರಲ್ಲಿ ನಾನು ಎರಡೂ ಕೈಯಿಂದ ಮಂಚದ ಅಂಚು ಹಿಡಿದುಕೊಂಡು ಕಣ್ಣು ಮುಚ್ಚಿದ್ದೆ. ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ.

ನನಗೆ ಹೆದರಿಕೆ ಆಗಿತ್ತು.

ಹಳ್ಳ ದಾಟುವಾಗ ಒಮ್ಮೆ ಜಾರಿ ಬಿದ್ದ ಎತ್ತು ಮತ್ತೆ ಆ ಹಳ್ಳದ ದಂಡೆಗೆ ಬಂದರೆ ನಾಲ್ಕೂ ಕಾಲು ಊರಿ ನಿಂತುಬಿಡುತ್ತದೆ. ಒಡೆಯ ಬಾರುಕೋಲಿನಿಂದ ಹೊಡೆಯುತ್ತಾನೆ, ಬೈಯುತ್ತಾನೆ. ಅದು ಹಟವಲ್ಲ, ಅದರ ಮೈಗೆ ನೆನಪಾಗಿದೆ, ಹೊಡೆಯಬೇಡ ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೆ. ಅದನ್ನು ಓದಿ ತಿಳಿದುಕೊಂಡು ಹೇಳುತ್ತಿದ್ದೆ. ಈಗ ನನ್ನದೇ ಮೈ ಮಂಚದ ಮೇಲೆ ಕೂತಲ್ಲೇ ಕಾಲು ಊರಿ ನಿಂತಿತ್ತು. ಬುದ್ಧಿ ಅದಕ್ಕೆ ಏನು ಹೇಳಿದರೂ ಅದು ಕೇಳಿಸಿಕೊಳ್ಳುತ್ತಿರಲಿಲ್ಲ.

ಆದರೆ ಇದನ್ನು ಹೊರಗೆ ಹೇಳುವುದು ಹೇಗೆ? ಸಿರುಗುಪ್ಪ ತಾಲ್ಲೂಕಿನಲ್ಲಿ ಫಟಫಟಿ ಇದ್ದವರು ಬೆರಳೆಣಿಕೆಯಷ್ಟು ಜನ. ನೋಡಲು ಬಂದವರೆಲ್ಲ ಮೊದಲು ಕಾಲು ನೋಡಿ, ಆಮೇಲೆ "ಮತ್ತ ಯಾವಾಗ ಏರ್ತೀರಿ?" ಎಂದು ಕೇಳುತ್ತಿದ್ದರು. ನಾನು ನಗುತ್ತ, "ಪ್ಲಾಸ್ಟರ್ ತೆಗೆದ ಮರುದಿನಾನ," ಎನ್ನುತ್ತಿದ್ದೆ. ಹಾಗೆ ಧೈರ್ಯವಾಗಿ ಹೇಳಲು ಒಂದು ಕಾರಣವಿತ್ತು. ನಾನು ಏರುತ್ತೇನೆ ಎನ್ನುವುದು, ಮನೆಯವರು ಬೇಡ ಎಂದು ಅಳುವುದು, ನಾನು ನಿಟ್ಟುಸಿರು ಬಿಟ್ಟು ಅವರ ಮಾತಿಗೆ ಒಪ್ಪುವುದು. ಹೀಗೆ ನಡೆಯುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಮರ್ಯಾದೆಯೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ.

ಯಾರೂ ಬೇಡ ಎನ್ನಲಿಲ್ಲ.

ಮೊದಲು ಡಾಕ್ಟರ ಮೇಲೆ ಆಸೆ ಇಟ್ಟೆ. ಪ್ಲಾಸ್ಟರ್ ಕತ್ತರಿಸಿದ ದಿನ ಒಳಗಿನಿಂದ ಹೊರಬಂದ ಕಾಲು ನನ್ನದೆಂದು ಗುರುತೇ ಸಿಗಲಿಲ್ಲ. ಒಣಗಿದ ಜೋಳದ ದಂಟಿನ ಹಾಗಿತ್ತು, ಮೇಲೆ ಕರಡಿಯ ಹಾಗೆ ಕೂದಲು. ಪಾದದ ಕೀಲು ಬಿಗಿದುಕೊಂಡಿತ್ತು. ಸಾಂಬಮೂರ್ತಿಯವರು ಅದನ್ನು ಮೇಲೆ ಕೆಳಗೆ ಬಗ್ಗಿಸಿ ತೃಪ್ತಿಪಟ್ಟರು. ನಾನು ತೃಪ್ತಿಪಡುವ ಸ್ಥಿತಿಯಲ್ಲಿರಲಿಲ್ಲ.

"ಮೋಟಾರ್ ಸೈಕಲ್ ಓಡಿಸೋದು ಇನ್ನು ಕಷ್ಟವೇನೋ," ಎಂದೆ, ಬಹಳ ಬೇಸರದ ದನಿಯಲ್ಲಿ.

"ಯಾಕೆ ಕಷ್ಟ? ಸ್ವಲ್ಪ ದಿನ ಕೋಲು ಹಿಡಿದು ನಡೆಯಿರಿ. ಆಮೇಲೆ ಓಡಿಸಿ."

"ಮತ್ತೆ ಮುರಿದರೆ?"

"ಕೂಡಿದ ಜಾಗ ಮೊದಲಿಗಿಂತ ಗಟ್ಟಿ ಆಗಿರುತ್ತದೆ. ಮುರಿದರೂ ಬೇರೆ ಜಾಗದಲ್ಲೇ ಮುರಿಯುವುದು. ಭಯಮೇಮೀ ಲೇದು, ಭಯವೇನೂ ಇಲ್ಲ."

ಕೊನೆಯ ಅಸ್ತ್ರ ಬಿಟ್ಟೆ. "ನನಗೇನಿಲ್ಲ, ಮನೆಯವರಿಗೆ ಬಹಳ ಭಯ."

ಡಾಕ್ಟರು ಬಾಗಿಲ ಹತ್ತಿರ ನಿಂತಿದ್ದ ನೀಲಳ ಕಡೆ ತಿರುಗಿದರು. "ಏನಮ್ಮಾ, ನಿಮಗೆ ಭಯವಾ?"

"ನಂಗೇನಿಲ್ರಿ," ಎಂದಳು ನೀಲ.

ಅವಳು ನನ್ನ ಮುಖ ನೋಡಲಿಲ್ಲ. ನಾನೂ ಅವಳ ಮುಖ ನೋಡಲಿಲ್ಲ. ಡಾಕ್ಟರು ಮಾತ್ರ ನಮ್ಮಿಬ್ಬರ ಮುಖ ನೋಡಿ, ಕೈ ತೊಳೆಯಲು ಹೋದರು.

ಆಮೇಲೆ ಅವ್ವ. ನಾನು ಚಿಕ್ಕವನಾಗಿದ್ದಾಗ ಬಾವಿಯ ಕಟ್ಟೆಯ ಮೇಲೆ ಕೂತರೆ ಮೂರು ದಿನ ಮಾತು ಬಿಡುತ್ತಿದ್ದವಳು. ಅವಳ ಮೇಲೆ ನನಗೆ ಪೂರ್ತಿ ಭರವಸೆ ಇತ್ತು. ಒಂದು ಬೆಳಿಗ್ಗೆ ಉಂಡಿ ತಿನ್ನುತ್ತ ಕೇಳಿದೆ, "ಅವ್ವಾ, ನಾ ಮತ್ತ ಫಟಫಟಿ ಹತ್ತಿದ್ರ ನಿನಗ ಜೀವ ಹೆಂಗ ತಡೀತೈತಿ?"

"ತಡೀತೈತಪ್ಪ. ಬಸವಣ್ಣ ನೋಡ್ಕೊಂತಾನ. ಹರಕಿ ಹೊತ್ತೀನಿ."

"ಏನಂತ?"

"ನೀ ಎದ್ದು ಅಡ್ಡಾಡಿದ್ರ ಆ ಫಟಫಟಿ ಮ್ಯಾಲೇ ಕುರುಗೋಡಿಗೆ ಬಂದು, ದೊಡ್ಡ ಬಸವಣ್ಣನ ಗುಡಿಗೆ ಐದು ಸುತ್ತು ಹಾಕಸ್ತೀನಿ ಅಂತ."

ತಿನ್ನುತ್ತಿದ್ದ ಉಂಡಿಯನ್ನು ತಟ್ಟೆಗೆ ಹಾಕಿದೆ. ಕುರುಗೋಡು ನಮ್ಮ ಮೂಲದ ಊರು. ಅಲ್ಲಿಯ ಬಸವಣ್ಣನಿಗೆ ಹೊತ್ತ ಹರಕೆಯನ್ನು ನಮ್ಮ ಮನೆತನದಲ್ಲಿ ಯಾರೂ ತಪ್ಪಿಸಿದ್ದಿಲ್ಲ. ಕಾಲ್ನಡಿಗೆಯ ಹರಕೆ ಹೊರುತ್ತಾರೆ, ಉರುಳು ಸೇವೆಯ ಹರಕೆ ಹೊರುತ್ತಾರೆ. ಪೆಟ್ರೋಲಿನ ಹರಕೆ ಹೊತ್ತವಳು ಬಹುಶಃ ನಮ್ಮವ್ವ ಒಬ್ಬಳೇ.

ಸಿರುಗುಪ್ಪಕ್ಕೆ ಮರಳಿದಾಗ ಇನ್ನೊಂದು ಆಘಾತ ಕಾದಿತ್ತು. ನಮ್ಮ ಆಸ್ಪತ್ರೆಯ ಅಟೆಂಡರ್ ಖಾದರ್ ಸಾಬ್ ತಗ್ಗಿನಿಂದ ಗಾಡಿಯನ್ನು ತಂದು, ಬಗ್ಗಿದ ಹ್ಯಾಂಡಲ್ ನೆಟ್ಟಗೆ ಮಾಡಿಸಿ, ಒಡೆದ ದೀಪ ಹಾಕಿಸಿ, ಟ್ಯಾಂಕಿಗೆ ಎಣ್ಣೆ ಸವರಿ ಹೊಳೆಯುವಂತೆ ಇಟ್ಟಿದ್ದ. ದನಗಳನ್ನು ಕಟ್ಟುವ ಬೇವಿನ ಮರದ ನೆರಳಲ್ಲಿ ಅದು ನಿಂತಿತ್ತು. ಕೋಲೂರಿಕೊಂಡು ನಾನು ಅದರ ಮುಂದೆ ನಿಂತೆ.

"ನಿಮ್ಗಿಂತ ಮೊದ್ಲು ಇದೇ ಎದ್ದು ನಿಂತ್ಬಿಡ್ತು ಸಾಬ್," ಎಂದ ಖಾದರ್, ಹೆಮ್ಮೆಯಿಂದ.

ಅವನಿಗೆ ಶಹಬ್ಬಾಸ್ ಎಂದೆ. ಬೇರೆ ಏನು ಹೇಳಲಿ.

ಅವತ್ತಿನಿಂದ ನೆಪಗಳು ಶುರುವಾದವು. ಕಾಲು ಇನ್ನೂ ಊದುತ್ತದೆ ಎಂದೆ. ಪೆಟ್ರೋಲ್ ಚೆನ್ನಾಗಿಲ್ಲ ಎಂದೆ. ಟೈರು ಹೊಸದು ಹಾಕಿಸಬೇಕು ಎಂದೆ. ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಹೋಗಲು ಶುರು ಮಾಡಿದೆ. ಗಾಡಿಯಲ್ಲಿ ಕೂತರೆ ಸುತ್ತಲಿನ ಹೊಲಗಳನ್ನು ಸಾವಕಾಶವಾಗಿ ನೋಡಬಹುದು, ಮನಸ್ಸಿಗೆ ಹಿತ, ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ಎರೆಹೊಲದ ನಡುವಿನ ದಾರಿಯಲ್ಲಿ ಬಿಸಿಲಿಗೆ ತಲೆ ಸಿಡಿಯುವಾಗಲೂ ಹಾಗೇ ಹೇಳಿದೆ. ನೀಲ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಒಂದಕ್ಕೂ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಆ ಹೊತ್ತಿನಲ್ಲೇ ತೆಕ್ಕಲಕೋಟೆಯ ಆಚೆಯ ಒಂದು ಹಳ್ಳಿಯಿಂದ ಮುಂಜಾನೆ ಕರೆ ಬಂತು. ಎಮ್ಮೆ ಈಯಲಾರದೆ ಒದ್ದಾಡುತ್ತಿದೆ, ಕರು ಅಡ್ಡ ನಿಂತಿದೆ. ಗಾಡಿ ಕಟ್ಟಿಸಿಕೊಂಡು ಹೊರಟೆ. ಎತ್ತುಗಳು ತಮ್ಮ ನಡಿಗೆಯಲ್ಲೇ ನಡೆದವು. ಊರು ಮುಟ್ಟುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಕೊಟ್ಟಿಗೆಯ ಮುಂದೆ ಜನ ಸುಮ್ಮನೆ ನಿಂತಿದ್ದರು. ದನದ ಡಾಕ್ಟರಿಗೆ ಆ ಸುಮ್ಮನಿರುವಿಕೆ ದೂರದಿಂದಲೇ ತಿಳಿಯುತ್ತದೆ.

ಎಮ್ಮೆಯೂ ಹೋಗಿತ್ತು. ಕರುವೂ ಹೋಗಿತ್ತು.

ಎಮ್ಮೆಯ ಒಡತಿ ಮಲ್ಲಮ್ಮ ಎಂಬ ನಡುವಯಸ್ಸಿನ ಹೆಂಗಸು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಕೋಲು ಹಿಡಿದು ಬಂದವನೆಂದು ಕುರ್ಚಿ ಹಾಕಿಸಿ, ಒಂದು ಚೆಂಬು ಮಜ್ಜಿಗೆ ಕೊಟ್ಟಳು. "ಮುಂಜಾನಿಂದ ಕಿವಿ ಅತ್ತಾಗೇ ಇಟ್ಟಿದ್ವಿ," ಎಂದಳು. "ಫಟಫಟಿ ಸದ್ದು ಈಗ ಕೇಳ್ತೈತಿ, ಆಗ ಕೇಳ್ತೈತಿ ಅಂತ. ನೀವು ಗಾಡ್ಯಾಗ ಬರ್ತೀರಿ ಅಂತ ಗೊತ್ತಿರ್ಲಿಲ್ಲ. ಇರ್ಲಿ ಬಿಡ್ರಿ. ಕಾಲಿಗೆ ಆರಾಮ ಆತೇನು?"

ಮಜ್ಜಿಗೆ ಕುಡಿದೆ. ಅದು ಆ ಎಮ್ಮೆಯ ಹಾಲಿನದೇ ಇರಬಹುದು ಎಂದು ಅರ್ಧ ಕುಡಿದ ಮೇಲೆ ಹೊಳೆಯಿತು. ಚೆಂಬು ಕೆಳಗಿಡಲೂ ಆಗಲಿಲ್ಲ, ಮೇಲೆತ್ತಲೂ ಆಗಲಿಲ್ಲ.

ಸಂಜೆ ಮನೆಗೆ ಬಂದು ಊಟ ಬೇಡ ಎಂದೆ. ನೀಲ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಂದು ಎದುರಿಗೆ ಕುಳಿತಳು. ನಡೆದದ್ದನ್ನೆಲ್ಲ ಹೇಳಿದೆ. ಕೊನೆಗೆ, ಅಷ್ಟು ದಿನ ಬಾಯಿಗೆ ಬರದಿದ್ದ ಮಾತೂ ಬಂತು.

"ನೀಲಾ, ನನಗ ಆ ಗಾಡಿ ಹತ್ತಾಕ ಹೆದರಿಕಿ."

"ಗೊತ್ತೈತ್ರಿ. ಅಕ್ಕನ ಮನ್ಯಾಗ ನೀವು ಚೆಲ್ಲಿದ ಚಾ ಒರೆಸಿದವಳು ನಾನೇ ಅಲ್ಲೇನು."

"ಗೊತ್ತಿದ್ದೂ ಡಾಕ್ಟರ ಮುಂದ ನಂಗೇನಿಲ್ಲ ಅಂದ್ಯಲ್ಲ. ಒಂದು ಸಲ ಬ್ಯಾಡ ಅಂದಿದ್ರ ಏನಾಗ್ತಿತ್ತು?"

ಅವಳು ಸೆರಗಿಗೆ ಕೈಯ ಹಿಟ್ಟು ಒರೆಸಿಕೊಂಡಳು. ಉತ್ತರ ಮೊದಲೇ ಸಿದ್ಧವಾಗಿತ್ತು ಎಂದು ಕಾಣುತ್ತದೆ, ತಡವರಿಸದೆ ಹೇಳಿದಳು.

"ನಾ ಬ್ಯಾಡ ಅಂದಿದ್ರ ಅವತ್ತೇ ನಿಮಗ ಆರಾಮ ಆಗ್ತಿತ್ತು. ಆಮ್ಯಾಲೆ ಮುದುಕರಾಗೋತನ ಊರ ಮಂದಿಗೆಲ್ಲ, ನನ್ನ ಹೆಂಡ್ತಿ ಬಿಡ್ಲಿಲ್ಲ, ಇಲ್ಲಂದ್ರ ನಾ ಹಿಂಗ ಓಡಿಸ್ತಿದ್ದೆ, ಹಂಗ ಓಡಿಸ್ತಿದ್ದೆ ಅಂತ ಹೇಳ್ತಿದ್ರಿ. ಒಂದು ದಿನ ನೀವೂ ಅದನ್ನ ನಂಬ್ತಿದ್ರಿ. ಆ ಬಿಡದ ಹೆಂಡ್ತಿ ನಾ ಆಗಂಗಿಲ್ಲ. ಹತ್ತಿದ್ರ ನೀವೇ ಹತ್ರಿ, ಬಿಟ್ರ ನೀವೇ ಬಿಡ್ರಿ. ಎರಡಕ್ಕೂ ರೊಟ್ಟಿ ನಾ ಮಾಡಿ ಹಾಕ್ತೀನಿ."

ಎದ್ದು ಹೋಗಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಒಲೆಯ ಕಡೆಯಿಂದಲೇ, "ನಂಗೂ ಹೆದರಿಕಿ ಐತಿ," ಎಂದಳು. "ಅದನ್ನ ನಿಮಗ ಹೇಳಿದ್ರ ಅದೂ ಒಂದು ನೆಪ ಆಗ್ತಿತ್ತು."

ಊಟ ಮಾಡಿದೆ.

ಮರುದಿನ ಬೆಳಿಗ್ಗೆ ಬೇವಿನ ಮರದ ಕೆಳಗೆ ಹೋದೆ. ಹತ್ತಿ ಕೂತೆ. ಕೂತದ್ದೇ ಮೈ ಬೆವರಿತು. ಕಿಕ್ ಹೊಡೆಯಬೇಕಾದ ಪೆಡಲ್ ಇರುವುದು ಬಲಗಡೆ. ಬಲಗಾಲಿನಲ್ಲಿ ಒತ್ತಿದೆ. ಪಾದದ ಕೀಲು ಬಗ್ಗಲಿಲ್ಲ, ಕಣ್ಣಲ್ಲಿ ನೀರು ಬಂತು, ಎಂಜಿನ್ ಮಾತ್ರ ಕೆಮ್ಮಲೂ ಇಲ್ಲ. ಇನ್ನೊಮ್ಮೆ ಒತ್ತಿದೆ. ಅದೇ ಕತೆ. ಹೃದಯದ ಒಂದು ಮೂಲೆಯಲ್ಲಿ ಸಣ್ಣಗೆ ಸಂತೋಷವಾಯಿತು. ಆಗುವುದಿಲ್ಲ ಎಂದರೆ ಆಗುವುದಿಲ್ಲ, ಇದರಲ್ಲಿ ಯಾರ ತಪ್ಪೂ ಇಲ್ಲ.

ಖಾದರ್ ಇನ್ನೂ ಬಂದಿರಲಿಲ್ಲ. ಮನೆ ಆಸ್ಪತ್ರೆಯ ಆವರಣದಲ್ಲೇ ಇತ್ತು. ನೀಲ ಕಿಟಕಿಯಿಂದ ನೋಡುತ್ತಿದ್ದಳೆಂದು ಕಾಣುತ್ತದೆ. ಹೊರಗೆ ಬಂದಳು. ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. "ಸರೀರಿ ಅತ್ತಾಗ," ಎಂದಳು. ನಾನು ಇಳಿದು ಹ್ಯಾಂಡಲ್ ಹಿಡಿದು ನಿಂತೆ. ಅವಳು ಪೆಡಲ್ ಮೇಲೆ ಕಾಲಿಟ್ಟು, ಒರಳಿನ ಮೇಲೆ ಒನಕೆ ಹಾಕುವ ಹಾಗೆ ಮೈಭಾರವನ್ನೆಲ್ಲ ಒಂದೇ ಸಲಕ್ಕೆ ಬಿಟ್ಟಳು.

ಫಟಫಟಿ ಎದ್ದು ಕೂಗಿತು.

ಕಟ್ಟಿದ್ದ ದನಗಳೆಲ್ಲ ಎದ್ದು ನಿಂತವು. ಅವ್ವ ಬಾಗಿಲಿಗೆ ಬಂದಳು. ನೀಲ ನನಗಿಂತ ಹೆಚ್ಚು ಬೆಚ್ಚಿಬಿದ್ದು ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ನಾನು ಆವರಣದೊಳಗೆ ಒಂದು ಸುತ್ತು ಬಂದೆ. ಮಕ್ಕಳ ಸೈಕಲ್ಲಿನಷ್ಟು ವೇಗ. ಇಳಿದದ್ದು ನನ್ನ ಕಾಲಿನ ಮೇಲೆಯೇ.

ಆವರಣದಲ್ಲಿ ಕೆಲವು ದಿನ ಸುತ್ತು ಹೊಡೆದ ಮೇಲೆ ಅವ್ವ ಹರಕೆಯ ಮಾತೆತ್ತಿದಳು. ಇನ್ನು ತಪ್ಪಿಸುವ ಹಾಗಿರಲಿಲ್ಲ. ಒಂದು ಸೋಮವಾರ ನೀಲ ಗಾಡಿ ಶುರು ಮಾಡಿಕೊಟ್ಟಳು. ಅವ್ವ ಹಿಂದಿನ ಸೀಟಿನಲ್ಲಿ ಒಂದು ಪಕ್ಕಕ್ಕೆ ಕೂತು, ನನ್ನ ಸೊಂಟವನ್ನು ಹಸುವಿನ ಹಗ್ಗ ಹಿಡಿದ ಹಾಗೆ ಹಿಡಿದುಕೊಂಡಳು. ಹೊರಟೆವು. ತೆಕ್ಕಲಕೋಟೆಯ ದಾರಿಯಲ್ಲಿ ಒಬ್ಬ ಸೈಕಲ್ಲಿನವ ನಮ್ಮನ್ನು ದಾಟಿ ಹೋದ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಬಹಳ ದೂರ ನಮ್ಮ ಜೊತೆಜೊತೆಗೇ ನಡೆದು, ಕಾಲು ಹೇಗಿದೆ ಎಂದು ವಿಚಾರಿಸಿ, ತನ್ನ ಹಸುವಿನ ಕೆಚ್ಚಲು ಬಾವಿಗೆ ಔಷಧಿಯನ್ನೂ ಕೇಳಿ ತಿಳಿದುಕೊಂಡಳು.

ತೆಕ್ಕಲಕೋಟೆ ದಾಟಿದ ಮೇಲೆ ಹಿಂದೆ ಹಾರ್ನ್ ಕೇಳಿಸಿತು.

ಲಾರಿ ಇನ್ನೂ ದೂರವಿತ್ತು. ನಾನು ಗಾಡಿಯನ್ನು ಬದಿಗೆ ಇಳಿಸಿ, ಎಂಜಿನ್ ಆರಿಸಿ, ಒಂದು ಜಾಲಿಮರದ ಹಿಂದಕ್ಕೆ ಹೋಗಿ ನಿಂತೆ. ಲಾರಿ ಹೋಯಿತು. ದೂಳು ಬಂತು. ನಾನು ಎರಡೂ ಕೈಯಿಂದ ಮರದ ಕಾಂಡ ಹಿಡಿದುಕೊಂಡಿದ್ದೆ. ಅವ್ವ ತಾನೂ ಇಳಿದು ಬಂದಳು.

"ನೀರಡಿಕಿ ಆಗೇತೇನು?" ಎಂದವಳು ನನ್ನ ಕೈ ನೋಡಿದಳು. "ಹೆದರಿಕಿ ಆಗೇತಿ."

"ಹೂಂ ಅವ್ವಾ."

"ನಂಗೂ ಆಗೇತಪ್ಪ. ಸಿರುಗುಪ್ಪ ಬಿಟ್ಟಾಗಿಂದ ಕಣ್ಣು ತೆಗೆದಿಲ್ಲ."

"ಹರಕಿ ಹೊತ್ತಾಕಿ ನೀನೇ ಅಲ್ಲೇನು?"

"ಹರಕಿ ಹೊರಬೇಕಾದ್ರ ನೀ ಉಳೀತೀಯೋ ಇಲ್ಲೋ ಅಂತ ಹೊತ್ತಿದ್ದೆ. ಹಿಂದ ನಾನೂ ಕುಂದರಬೇಕಾಗ್ತೈತಿ ಅಂತ ಆಗ ತೆಲಿಗೆ ಹೋಗ್ಲಿಲ್ಲ."

ಇಬ್ಬರೂ ಮರದ ನೆರಳಲ್ಲಿ ಕೂತೆವು. ಅವಳು ನನ್ನ ಬಲಗಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಹಿಮ್ಮಡಿ ನೀವಿದಳು. ಸೆರಗಿನಿಂದ ನನ್ನ ಮುಖದ ದೂಳು ಒರೆಸಿದಳು. ನಾನು ಮಕ್ಕಳಾಗುವ ವಯಸ್ಸಿನ ಗಂಡಸು, ಸರ್ಕಾರಿ ಡಾಕ್ಟರು. ಹೋಗುವವರು ಬರುವವರು ನೋಡುತ್ತಿದ್ದರು. ನೋಡಲಿ ಎನ್ನಿಸಿತು. ಮೈಯ ಬೆವರು ಆರುವ ತನಕ ಕೂತಿದ್ದು, ದಾರಿಹೋಕನೊಬ್ಬನನ್ನು ಕರೆದು ಕಿಕ್ ಹೊಡೆಸಿಕೊಂಡು ಮುಂದೆ ಹೋದೆವು.

ಕುರುಗೋಡಿನಲ್ಲಿ ಪೂಜಾರಿಯವರು ಗುಡಿಯ ಅಂಗಳದೊಳಗೆ ಗಾಡಿ ಬೇಡ ಎಂದರು. ಹೊರಗಿನ ದಾರಿಯಲ್ಲೇ ಸುತ್ತಬೇಕಾಯಿತು. ಒಂದು ಸುತ್ತು ಮುಗಿದದ್ದೇ ಅವ್ವ ಇಳಿದಳು. ಉಳಿದ ನಾಲ್ಕು ಎಂದೆ. "ಸಾಕು. ಅಷ್ಟು ಸದ್ದಿಗೆ ಅವನಿಗೆ ಕೇಳಿರ್ತೈತಿ," ಎಂದು ಒಳಗೆ ಹೋಗಿ ಅಷ್ಟು ದೊಡ್ಡ ಕಲ್ಲಿನ ಬಸವಣ್ಣನ ಮುಂದೆ ಬಹಳ ಹೊತ್ತು ನಿಂತಳು. ಏನು ಬೇಡಿಕೊಂಡಳೋ ಹೇಳಲಿಲ್ಲ. ಬಳ್ಳಾರಿಯ ಮಗಳ ಮನೆಯಲ್ಲಿ ಒಂದಷ್ಟು ದಿನ ಇದ್ದು ಬರುತ್ತೇನೆ ಎಂದು ಅಲ್ಲಿಂದಲೇ ಬಸ್ಸು ಹತ್ತಿದಳು. ಬಹಳ ದಿನದ ಮೇಲೆ ಸಿರುಗುಪ್ಪಕ್ಕೂ ಬಸ್ಸಿನಲ್ಲೇ ಬಂದಳು.

ಈಗ ನಾನು ಮತ್ತೆ ಫಟಫಟಿಯ ಮೇಲೆ ಹಳ್ಳಿಗಳಿಗೆ ಹೋಗುತ್ತಿದ್ದೇನೆ. ಮೊದಲಿನ ಹಾಗೆ ಅಲ್ಲ. ಮಳೆ ಬಿದ್ದು ಎರೆಮಣ್ಣು ಅಂಟಾದ ದಿನ ಎತ್ತಿನ ಗಾಡಿಯೇ ಸರಿ. ಸುಮ್ಮನೆ ತಿರುಗಲು, ನಾಲ್ಕು ಜನರಿಗೆ ತೋರಿಸಲು ಹೊರಡುವುದನ್ನು ಬಿಟ್ಟಿದ್ದೇನೆ. ದನಕ್ಕೆ ತ್ರಾಸಾಗಿದೆ ಎಂದು ಕರೆ ಬಂದರೆ ನೀಲ ಕಿಕ್ ಹೊಡೆಯುತ್ತಾಳೆ, ನಾನು ಹೋಗುತ್ತೇನೆ. ಬರುವಾಗ ಆಯಾ ಊರಿನವರು ಹೊಡೆದುಕೊಡುತ್ತಾರೆ. ಅದಕ್ಕೆ ಈಗ ಊರೂರಲ್ಲಿ ಸರದಿ ಹತ್ತಿದೆ. ತೆಕ್ಕಲಕೋಟೆಯಲ್ಲಿ ಈರಣ್ಣ ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ. ಮಲ್ಲಮ್ಮ ಇನ್ನೊಂದು ಎಮ್ಮೆ ಕಟ್ಟಿದ್ದಾಳೆ. ಹೋದ ತಿಂಗಳು ಅದು ಈಯುವಾಗ ನಾನು ಹೊತ್ತಿಗೆ ಸರಿಯಾಗಿ ಮುಟ್ಟಿದೆ. ಮಾಡುವಂಥದ್ದೇನೂ ಇರಲಿಲ್ಲ, ಅದು ತಾನಾಗಿಯೇ ಈಯಿತು. ಆದರೂ ಮುಟ್ಟಿದೆ.

ಹೆದರಿಕೆ ಹೋಗಿಲ್ಲ. ಹೋಗುತ್ತದೆ ಎಂದು ಕಾಯುವುದನ್ನೂ ಬಿಟ್ಟಿದ್ದೇನೆ. ಲಾರಿಯ ಸದ್ದು ಕೇಳಿದರೆ ಇವತ್ತಿಗೂ ಗಾಡಿಯನ್ನು ಬದಿಗೆ ಹಾಕಿ ಇಳಿದು ನಿಲ್ಲುತ್ತೇನೆ. ಇದಕ್ಕೆ ಕಾರಣ ನಾನು ಹೊರಗಿನವರಿಗೆ ಹೇಳಿಲ್ಲ, ಅಕ್ಕಪಕ್ಕದ ಹೊಲದವರು ಕೇಳಿಯೂ ಇಲ್ಲ. ಡಾಕ್ಟರು ದಾರಿಯಲ್ಲಿ ನಿಂತು ದನ ನೋಡುವ ಹೊಸ ಪದ್ಧತಿ ಸರ್ಕಾರ ತಂದಿದೆ ಎಂದು ಅವರೇ ತಿಳಿದುಕೊಂಡಿದ್ದಾರೆ. ನಾನು ಇಳಿದು ನಿಲ್ಲುವುದೇ ತಡ, ಹೊಲದಿಂದ ಯಾರಾದರೂ ಕುಂಟುವ ಎತ್ತನ್ನೋ ಮೇವು ಬಿಟ್ಟ ಹಸುವನ್ನೋ ಹಿಡಿದುಕೊಂಡು ಬರುತ್ತಾರೆ. ನಾನು ಅದರ ಕಾಲು ಮುಟ್ಟಿ ನೋಡುತ್ತೇನೆ, ಬಾಯಿ ತೆರೆಸುತ್ತೇನೆ, ಒಡೆಯನನ್ನು ನಾಲ್ಕು ಮಾತು ಕೇಳುತ್ತೇನೆ. ಮೊನ್ನೆ ಹಾಗೆ ಒಂದು ಹೋರಿಯ ಗೊರಸಿನಲ್ಲಿ ಸಿಕ್ಕಿದ್ದ ಮುಳ್ಳು ತೆಗೆದು ತಲೆಯೆತ್ತಿದಾಗ ರಸ್ತೆ ಖಾಲಿಯಿತ್ತು. ದೂಳು ಕೂಡ ಕೂತಿತ್ತು. ಲಾರಿ ಯಾವಾಗ ಹೋಯಿತೋ ನನಗೆ ಗೊತ್ತೇ ಆಗಿರಲಿಲ್ಲ.